ಬುಕೀಕೊ ನೀರಿಗೆ ಹೋದ ಮಧ್ಯಾಹ್ನ

ವರ್ಷದ ಎರಡನೇ ಮಳೆಗಾಲ ಹಿಡಿದುಕೊಂಡಿತ್ತು. ಕಂಪಾಲದ ಮಂಡಿಯಲ್ಲಿ ಬೆಳಗಿನಿಂದ ಬಾಳೆಗೊನೆ ಇಳಿಸುವ ಕೆಲಸ ನಡೆದಿತ್ತು. ಕಸುಜ್ಜ ಲಾರಿಯ ಮೇಲಿಂದ ಗೊನೆ ದಾಟಿಸುತ್ತಿದ್ದ. ಅವನ ಹೆಂಡತಿ ನಂತೇಗೆ ಕೆಳಗೆ ಒಣಗಿದ ಬಾಳೆಲೆ ಹಾಸುತ್ತಿದ್ದಳು. ಪಟ್ಟಣ ನೋಡಲೆಂದೇ ಬಂದವಳು. ಬಂದಾಗಿನಿಂದ ಅವಳ ಮನಸ್ಸೆಲ್ಲ ಸರೋವರದ ದಡದ ತಮ್ಮೂರು ಬುಕೀಕೊದಲ್ಲೇ. ಮೂರು ವರ್ಷದ ಮಗಳು ನಜೀವಳನ್ನು ಅತ್ತೆಯ ಹತ್ತಿರ ಬಿಟ್ಟಿದ್ದಳು. ಸರೋವರದ ನೀರು ಏರಿ ಅಡಿಗೆಮನೆಯ ಹಿಂದಿನ ಹುಲ್ಲಿನವರೆಗೆ ಬಂದಿತ್ತು. ಅತ್ತೆಗೆ ಕಣ್ಣು ಅಷ್ಟಕ್ಕಷ್ಟೆ.

"ನಜೀವಳ ಅಪ್ಪ, ಊರಿಗೆ ಹೋಗೋಣ," ಎಂದಳು, ಕೊನೆಯ ಗೊನೆ ಇಳಿದ ಮೇಲೆ.

"ಲಾರಿ ಹೊರಡೋದೇ ಸಂಜೆಗೆ. ಕಂಪಾಲ ತೋರ್ಸು ತೋರ್ಸು ಅಂತ ಪ್ರಾಣ ತಿಂದೋಳು ಯಾರು, ನಾನಾ?"

ಊಟಕ್ಕೆ ಪೆರುಸಿಯ ಅಂಗಡಿಗೆ ಹೋದರು. ಹಳ್ಳಿಯಿಂದ ಪಟ್ಟಣ ನೋಡಲು ಬಂದವರೆಲ್ಲ ಅಲ್ಲಿಗೇ ಬರುತ್ತಿದ್ದರು. ಚೀಲ ಹೊತ್ತ ಬಿಳಿಯರೂ ಒಮ್ಮೊಮ್ಮೆ ಬರುವುದಿತ್ತು. ಬೇಯಿಸಿ ಮಸೆದ ಬಾಳೆಕಾಯಿ, ಮೇಲೆ ಕಡಲೆಕಾಯಿ ಸಾರು. ನಂತೇಗೆ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

"ಯಾಕಮ್ಮ, ಸಾರು ಸೇರಲಿಲ್ವಾ?" ಪೆರುಸಿ ಕೇಳಿದಳು. "ಹೋಗು, ಪಕ್ಕದಲ್ಲೇ ಪಿಕ್ಚರು. ಅಷ್ಟು ಅಗ್ಗಕ್ಕೆ ಬೇರೆಲ್ಲೂ ತೋರ್ಸಲ್ಲ. ನಕ್ಕು ಬಂದ್ರೆ ಹೊಟ್ಟೆ ತಾನೇ ಹಸಿಯತ್ತೆ."

ಪಿಕ್ಚರಿನ ಮನೆ ಎಂದರೆ ತಗಡಿನ ಕೊಟ್ಟಿಗೆ, ಸಾಲು ಬೆಂಚು, ಎದುರಿಗೆ ಒಂದು ಟೀವಿ. ಪಿಕ್ಚರು ಚೀನಾದ್ದು, ಮಾತು ಯಾರಿಗೂ ತಿಳಿಯದು. ಅದಕ್ಕೇ ಟೀವಿಯ ಪಕ್ಕ ಕಟೆಂಡೆ ಮೈಕು ಹಿಡಿದು ಕೂತು ಎಲ್ಲವನ್ನೂ ತಮ್ಮ ಲುಗಾಂಡ ಭಾಷೆಯಲ್ಲಿ ಹೇಳುತ್ತಿದ್ದ. ಅವನು ಸೇರಿಸುವ ತಮಾಷೆಗಾಗಿಯೇ ಜನ ಬರುವುದು.

"ಹಳ್ಳಿಯೋರು ಯಾರಿದೀರಪ್ಪ?"

"ಬುಕೀಕೊ!" ಎಂದು ಕಸುಜ್ಜ ಕೈ ಎತ್ತಿದ.

"ಓಹೋ, ಬುಕೀಕೊ ಭಾವ! ಪಕ್ಕದಲ್ಲಿರೋರು ನಿನ್ ಹೆಂಡ್ತೀನೋ, ಯಾರದೋ ಎರವಲೋ?"

ಕೊಟ್ಟಿಗೆಗೆ ಕೊಟ್ಟಿಗೆಯೇ ನಕ್ಕಿತು. ನಂತೇಗೆ ನಗಲಿಲ್ಲ. ಬುಕೀಕೊದಲ್ಲಿ ಅಂಥ ದನಿ ಬರುವುದು ಸಂತೆಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ. ಯಾರು ಸತ್ತರು, ಯಾರ ಮಗು ಕಾಣೆಯಾಗಿದೆ, ಹೆಣ ಎಲ್ಲಿದೆ ಎಂದು ಊರಿಗೆಲ್ಲ ತಿಳಿಸುವ ದನಿ ಅದು. ಅದು 'ಗರ್' ಎಂದಿತೆಂದರೆ ಹೆಂಗಸರು ಕೊಡ ಇಳಿಸಿ ನಿಂತುಬಿಡುತ್ತಿದ್ದರು. ಆ ದನಿಯಲ್ಲಿ ಸುಳ್ಳು ಹೇಳಿದವರನ್ನು ಅವಳು ಕಂಡಿರಲಿಲ್ಲ.

ಪಿಕ್ಚರಿನಲ್ಲಿ ಕಟ್ಟೆಯೊಂದು ಒಡೆಯಿತು. ಮೈಕು ಗರ್ ಎಂದಿತು.

"ಬುಕೀಕೊ ಜನರೇ, ಕೇಳಿ! ಸರೋವರ ದಡ ಮೀರಿದೆ! ಮಗೂನ ನೀರು ಎಳ್ಕೊಂಡು ಹೋಯ್ತು! ತಾಯಿ ಎಲ್ಲಿ? ಈ ಮಗು ತಾಯಿ ಎಲ್ಲಿದಾಳೆ?"

ಕಸುಜ್ಜ ತೊಡೆ ಬಡಿದು ನಗುತ್ತಿದ್ದ. ಕತ್ತಲಲ್ಲಿ ಅವನ ಹಲ್ಲು ಮಾತ್ರ ಕಂಡಿತು. ನಂತೇಗೆ ಎದ್ದು ಓಡಿದಳು.

ಲಾರಿ ಎಲ್ಲಿತ್ತು? ಎಲ್ಲ ಓಣಿಯೂ ಒಂದೇ ತರಹ, ಎಲ್ಲ ಲಾರಿಯೂ ಒಂದೇ ಬಣ್ಣ. ಒಂದು ಓಣಿ ಹೊಕ್ಕಳು, ಇನ್ನೊಂದು ಹೊಕ್ಕಳು. ತಿರುಗಿ ಪೆರುಸಿಯ ಅಂಗಡಿಯ ಮುಂದಕ್ಕೇ ಬಂದು ಬಿದ್ದಳು. ಆಗಲೇ ಕೊಟ್ಟಿಗೆಯ ಬಾಗಿಲ ಮೇಲಿನ ಧ್ವನಿವರ್ಧಕ ಕೂಗಿತು:

"ಬುಕೀಕೊದ ನಂತೇಗೆ, ನಜೀವಳ ತಾಯಿ, ಎಲ್ಲಿದ್ರೂ ಬೇಗ ಬರ್ಬೇಕು. ನಿಮ್ಮೋರು ಕಾಯ್ತಿದಾರೆ."

ಊರಲ್ಲಿ ಸತ್ತವರ ಮನೆಯವರನ್ನು ಕರೆಯುವುದು ಹೀಗೆಯೇ. ಅವಳು ಕೆಸರಿನಲ್ಲೇ ಕೂತುಬಿಟ್ಟಳು.

ಪೆರುಸಿ ಸೌಟು ಹಿಡಿದೇ ಓಡಿ ಬಂದಳು. "ಏನಾಯ್ತೇ ತಾಯಿ?"

"ನನ್ ಮಗು ನೀರಿಗೆ ಹೋಯ್ತಂತೆ. ಹೇಳ್ತಿದಾರೆ."

"ಯಾರು, ಆ ಕಟೆಂಡೆಯಾ? ಅಯ್ಯೋ ಹುಚ್ಚೀ! ಅವ್ನು ಬಂದೋರ ಊರನ್ನೆಲ್ಲ ಮುಳುಗಿಸ್ತಾನೆ. ಮೊನ್ನೆ ನಮ್ಮೂರಿಗೇ ಬೆಂಕಿ ಹಚ್ಚಿದ, ನಾನು ನಕ್ಕೂ ನಕ್ಕೂ ಸಾಕಾದೆ."

"ನನ್ನ ಹೆಸ್ರು ಹೇಳಿದ್ರಲ್ಲ? ಮಗು ಹೆಸ್ರೂ ಹೇಳಿದ್ರು."

"ನಾನೇ ಹೇಳ್ಸಿದ್ದು ಕಣೆ!" ಕಸುಜ್ಜ ಏದುಸಿರು ಬಿಡುತ್ತ ಬಂದ. "ತಿರುಗಿ ನೋಡಿದ್ರೆ ನೀನಿಲ್ಲ. ಪಟ್ಟಣದಲ್ಲಿ ಎಲ್ಲಿ ಅಂತ ಹುಡುಕ್ಲಿ?"

ಅವಳಿಗೆ ಎಲ್ಲ ಅರ್ಥವಾಯಿತು. ಆದರೂ ಕೆಸರಿನಿಂದ ಏಳಲಿಲ್ಲ. ಹೇಳಿದ್ದು ತಮಾಷೆಯೇ ಇರಬಹುದು; ನೀರು ಮಾತ್ರ ನಿಜವಾಗಿಯೂ ಹುಲ್ಲಿನವರೆಗೆ ಬಂದಿತ್ತು.

"ಅಕ್ಕ, ನಿಮ್ಮ ಫೋನು," ಎಂದು ಪೆರುಸಿಯತ್ತ ಕೈ ಚಾಚಿದಳು.

ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಕಸುಜ್ಜನ ಮುಖದ ನಗೆಯೂ ಆರಿತು. ಮತ್ತೆ ಮಾಡಿದಾಗ ಅತ್ತೆಯ ಗೊಗ್ಗರು ದನಿ ಬಂತು.

"ಏನೇ? ಮಲಗೋಕೂ ಬಿಡಲ್ವಾ?"

"ನಜೀವ ಎಲ್ಲಿ?"

"ಇಲ್ಲೇ ಎಲ್ಲೋ ಮಲಗಿದೆ."

"ಎಲ್ಲೋ ಅಂದ್ರೆ? ಎಬ್ಬಿಸಿ, ಅತ್ತೆ."

"ಪಟ್ಟಣದ ಗಾಳಿ ತಲೆಗೇರ್ತಾ ನಿಂಗೆ?"

"ಚಿವುಟಿ ಎಬ್ಬಿಸಿ, ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

ಹೆಜ್ಜೆ ಸಪ್ಪಳ. ಬಾಗಿಲು ಕಿರುಗುಟ್ಟಿತು. ಆಮೇಲೆ ಏನೂ ಇಲ್ಲ. ನಂತೇಗೆ ಫೋನನ್ನು ಕಿವಿಗೆ ಒತ್ತಿಕೊಂಡಳು. ಕೊನೆಗೆ ನಿದ್ದೆ ಕೆಟ್ಟ ಮಗು ಹೋ ಎಂದು ಅಳುವುದು ಕೇಳಿತು. ಅವಳು ಕೆಸರಿನಲ್ಲಿ ಕೂತು, ಫೋನಿನ ದುಡ್ಡು ಮುಗಿದು ತಾನಾಗಿ ಕಡಿದುಹೋಗುವವರೆಗೆ ಆ ಅಳು ಕೇಳುತ್ತಿದ್ದಳು.

"ದುಡ್ಡೆಲ್ಲಾ ಮುಗಿಸ್ಬಿಟ್ಟೆ, ಅಕ್ಕ," ಎಂದು ಫೋನು ಒರೆಸಿ ಕೊಟ್ಟಳು.

"ಇರ್ಲಿ ಬಿಡು," ಎಂದಳು ಪೆರುಸಿ. "ರಾತ್ರಿ ಕಟೆಂಡೆ ಊಟಕ್ಕೆ ಬರ್ತಾನಲ್ಲ, ಅವನಿಂದ ವಸೂಲಿ ಮಾಡ್ಕೋತೀನಿ. ಮುಳುಗಿಸಿದೋನು ಅವನೇ ತಾನೆ."