ತಾಲೀಮು ಮಾಡಿದ ಸಾಕ್ಷಿ

ಜಗದಾಂಬಾ ರಂಗದ ಮೇಲೆ ಬಿಕ್ಕಿದರೆ ಟೆಂಟಿನ ಕೊನೆಯಲ್ಲಿ ನೆಲಕ್ಕೆ ಕೂತವನಿಗೂ ಕೇಳುತ್ತಿತ್ತು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ತಾಯಿಯ ಸೆರಗು ಹಿಡಿದು ನಾಟಕ ಕಂಪನಿ ಸೇರಿದವಳು, ಬಾಲಕೃಷ್ಣನಿಂದ ಹಿಡಿದು ಪಟ್ಟದರಾಣಿಯವರೆಗೆ ಮಾಡದ ಪಾರ್ಟು ಇರಲಿಲ್ಲ. ಭದ್ರಾವತಿ ಕ್ಯಾಂಪಿನಲ್ಲಂತೂ ಕಾರ್ಖಾನೆಯ ಶಿಫ್ಟು ಮುಗಿಸಿ ಬಂದ ತಮಿಳರು, ತೆಲುಗರು ಸಹ ಅರ್ಧ ಮಾತು ತಿಳಿಯದಿದ್ದರೂ ಅವಳು ಅತ್ತಾಗ ಅತ್ತು ಹೋಗುತ್ತಿದ್ದರು. ಅದೇ ಕ್ಯಾಂಪಿನಲ್ಲಿ ಕಂಪನಿಯ ಯಜಮಾನರು ತೀರಿಕೊಂಡರು. ಕಲಾವಿದರು ದಿಕ್ಕಾಪಾಲಾದರು. ಹೋಗುವುದಕ್ಕೆ ಊರೇ ಇಲ್ಲದ ಜಗದಾಂಬಾ ಭದ್ರಾವತಿಯ ಹಳೇ ಊರಿನಲ್ಲೇ ಒಂದು ಕೋಣೆ ಹುಡುಕಿದಳು. ಆಗ ಐವತ್ತೇಳನೇ ಇಸವಿ.

ಕೋಣೆ ಸುಲಭಕ್ಕೆ ಸಿಗಲಿಲ್ಲ. ರಾತ್ರಿ ಟೆಂಟಿನಲ್ಲಿ ಅವಳ ಸೀತೆಗೆ ಕೈಮುಗಿದ ಮಹಾನುಭಾವರೇ ಬೆಳಿಗ್ಗೆ, "ನಾಟಕದವರಿಗೆ ಮನೆ ಕೊಡಲ್ಲಮ್ಮ" ಎಂದು ಬಾಗಿಲು ಹಾಕಿಕೊಂಡರು. ಕಡೆಗೆ ಒಂದು ವಠಾರದಲ್ಲಿ ಜಾಗ ಸಿಕ್ಕಿ ಕಾಲು ಚಾಚುವಷ್ಟರಲ್ಲಿ ಆ ವಠಾರದ ಮಾಲೀಕ ಪಕ್ಕದ ಮನೆಯ ಬಾಣಂತಿಯ ಪಾತ್ರೆಪಡಗ ಬೀದಿಗೆಸೆದ. ಜಗದಾಂಬಾ ನಡುಬೀದಿಯಲ್ಲಿ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಂಪನಿಯಲ್ಲಿ ದುಷ್ಟ ರಾಜರನ್ನು ಬೈದ ಗಂಟಲಿನಲ್ಲೇ ಅವನನ್ನು ಬೈದಳು. ಬೀದಿಗೆ ಬೀದಿಯೇ ಸೇರಿತು. ಪುಣ್ಯಾತ್ಮ ಪಾತ್ರೆಗಳನ್ನು ತಾನೇ ಒಳಗೆ ಹೊತ್ತ.

ಅಂದಿನಿಂದ ಬಾಡಿಗೆದಾರರಿಗೆ ಕಷ್ಟ ಬಂತೆಂದರೆ ಜಗದಾಂಬಾ ಇರಬೇಕು. ಬಾವಿಗೆ ಬೀಗ ಹಾಕಿದ ಮಾಲೀಕರಿಂದ ಬೀಗ ತೆಗೆಸಿದಳು, ಹೆಂಚು ಕಿತ್ತವರಿಂದ ಹೆಂಚು ಹೊದಿಸಿದಳು. ರಂಗದ ಮೇಲೆ ಇಲ್ಲದ ಒಂದು ತೃಪ್ತಿ ಅವಳಿಗೆ ಇದರಲ್ಲಿತ್ತು. ಅಲ್ಲಿ ಜನ ಚಪ್ಪಾಳೆ ತಟ್ಟಿ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಇಲ್ಲಿ ಅವಳಿಂದಾಗಿ ಅವರಿಗೆ ಹೋಗಲು ಮನೆಯಿರುತ್ತಿತ್ತು. ಒಂದಿಷ್ಟು ಜಂಭವೂ ಬಂದಿತ್ತು, ಸುಳ್ಳೇಕೆ.

ಮೆಹಬೂಬ್ ಬೀಯ ವಿಷಯ ಅವಳ ಕಿವಿಗೆ ಬಿದ್ದದ್ದು ಈ ಜಂಭದ ದಿನಗಳಲ್ಲಿ. ಶಿವಮೊಗ್ಗದ ಪೇಟೆ ಹಿಂದಿನ ಒಂದು ವಠಾರದಲ್ಲಿದ್ದ ವಿಧವೆ ಆಕೆ. ಗಂಡ ಖಾಜಾ ಪೀರ್ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು, ಆ ಮನೆಯಲ್ಲೇ ಕೆಮ್ಮಿ ಕೆಮ್ಮಿ ಸತ್ತ. ಈಗ ಮಾಲೀಕ ಶಿವಶಂಕರಪ್ಪನವರು ಹೊಸ ವರಸೆ ತೆಗೆದಿದ್ದರು. ಮನೆ ಕೊಟ್ಟಿದ್ದು ಖಾಜಾ ಪೀರನ ಅಣ್ಣನಿಗೆ, ಅಣ್ಣ ದಾವಣಗೆರೆಗೆ ಹೋದ, ಇವರೆಲ್ಲ ಸುಮ್ಮನೆ ಬಂದು ಉಳಿದುಕೊಂಡವರು, ಬಾಡಿಗೆದಾರರೇ ಅಲ್ಲ ಎಂದು. ಅಲ್ಲಿ ಅವರಿಗೆ ಅಡಿಕೆ ಗೋದಾಮು ಕಟ್ಟಿಸಬೇಕಿತ್ತು. ರೆಂಟ್ ಕಂಟ್ರೋಲರ್ ಸಾಹೇಬರ ಮುಂದೆ ವಿಚಾರಣೆ ಗೊತ್ತಾಗಿತ್ತು. ಮಾಲೀಕರು ಖಾಜಾ ಪೀರನನ್ನು ಬಾಡಿಗೆದಾರ ಎಂದು ಒಪ್ಪಿ ನಡೆಸಿಕೊಂಡಿದ್ದರು ಎಂದು ತೋರಿಸಿದರೆ ಮನೆ ಉಳಿಯುತ್ತಿತ್ತು. ಇಲ್ಲದಿದ್ದರೆ ಆ ಹೆಂಗಸಿಗೆ ಬೀದಿಯೇ ಗತಿ.

ಜಗದಾಂಬಾ ರೈಲು ಹತ್ತಿ ಬಂದಳು. ಅಕ್ಕಪಕ್ಕದ ಮನೆಯ ಚಿನ್ನಮ್ಮ, ಮೂರ್ತಪ್ಪ ಸಾಕ್ಷಿ ಹೇಳುವುದಕ್ಕೆ ಒಪ್ಪಿದ್ದರು. ಎಲ್ಲರನ್ನೂ ಚಿನ್ನಮ್ಮನ ಜಗಲಿಯಲ್ಲಿ ಕೂರಿಸಿಕೊಂಡು, "ಬೂಬಮ್ಮ, ನಡೆದದ್ದು ಹೇಳಿ" ಎಂದಳು.

ಮೆಹಬೂಬ್ ಬೀ ಹೇಳತೊಡಗಿದಳು. ಅದೊಂದು ಸಿಕ್ಕುಗಟ್ಟಿದ ನೂಲು. ಮದುವೆಯಿಂದ ಹೊರಟು, ಸತ್ತ ಮೇಕೆಗೆ ಹೋಗಿ, ನಾದಿನಿಯ ಬಾಯಿಗೆ ಬಿದ್ದು, ತಿರುಗಿ ಗಂಡನ ಕೆಮ್ಮಿಗೆ ಬಂದಳು. "ಆವಾಗ ಅಕ್ಕಾ, ಶಿವಶಂಕರಪ್ಪನೋರು ಮಗಳ ಮದ್ವೆ ಹಂಡೆಗೆ ಕಲಾಯಿ ಹಾಕ್ಸೋಕೆ ಅಂತ ಖುದ್ ಬಂದ್ರು. ಇವ್ರು ಮಲಗಿರೋದು ನೋಡಿ, 'ಖಾಜಾ, ಹಂಡೆ ಹೋಗ್ಲಿ ಬಿಡು ಮಾರಾಯ. ನೀನು ನನ್ನ ಬಾಡಿಗೆದಾರ, ಈ ಮನೆ ನಿಂದೇ ಅನ್ಕೋ, ಮೊದ್ಲು ಹುಷಾರಾಗು' ಅಂದ್ರು. ನಮ್ಮೋರು ಅವ್ರ ಕೈ ಹಿಡ್ಕೊಂಡು ಅತ್ತರು."

ಜಗದಾಂಬಾ ಕೈಯೆತ್ತಿ ತಡೆದಳು. ಕಂಪನಿಯ ಮಾಸ್ತರು ಅವಳಿಗೆ ಕಲಿಸಿದ್ದ ಮೊದಲ ಪಾಠವೇ ಅದು: ಖಳನ ಬಾಯಲ್ಲಿ ಒಂದು ಒಳ್ಳೇ ಮಾತಿಟ್ಟರೆ ಸಾಕು, ನಾಯಕಿಗಾಗಿ ಯಾರೂ ಅಳುವುದಿಲ್ಲ. "ಆ ಹಂಡೆ, ಕಲಾಯಿ ಎಲ್ಲಾ ಬೇಡ. ಅವರೇನು ದೇವರಾ? ಸಾಹೇಬ್ರಿಗೆ ಅವರ ಮೇಲೆ ಕನಿಕರ ಬಂದ್ರೆ ನಿಮ್ಮ ಗತಿ ಏನು? ಬಿಡಿ ಅದನ್ನ."

"ಆದ್ರೆ ಅದು ನಿಜ ಅಲ್ವಾ ಅಕ್ಕಾ?"

"ನಿಜ ಇರಬಹುದು. ಹೇಳೋದು ಬೇಡ."

ಆಮೇಲೆ ತಾಲೀಮು ಶುರುವಾಯಿತು. ಮೆಹಬೂಬ್ ಬೀಯ ಮಾತನ್ನೆಲ್ಲ ಕತ್ತರಿಸಿ ಒಪ್ಪ ಮಾಡಿ, ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರೆಳೆಯಬೇಕು, "ಈ ಮನೆಯ ಹೊಸ್ತಿಲಲ್ಲೇ ನನ್ನ ಸೌಭಾಗ್ಯ ಹೋಯಿತು ಸ್ವಾಮೀ" ಎನ್ನುವಾಗ ಸೆರಗನ್ನು ಎಲ್ಲಿಯವರೆಗೆ ಎತ್ತಬೇಕು, ಎಲ್ಲವನ್ನೂ ಕಲಿಸಿದಳು. ಚಿನ್ನಮ್ಮ, ಮೂರ್ತಪ್ಪನಿಗೂ ಅವರವರ ಪಾರ್ಟು ಸಿಕ್ಕಿತು. ಮೆಹಬೂಬ್ ಬೀ ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ ಗುನುಗಿ ಗುನುಗಿ ಬಾಯಿಪಾಠ ಮಾಡಿದಳು. ಪಾಪ, ಮನೆ ಉಳಿಸಿಕೊಳ್ಳುವುದೆಂದರೆ ಹೀಗೇ ಇರಬೇಕು ಅಂದುಕೊಂಡಿತು ಆ ಜೀವ.

ವಿಚಾರಣೆಯ ದಿನ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಗದಾಂಬಾ ಬರುತ್ತಾಳಂತೆ ಎಂದು ಕೇಳಿ ಹಳೇ ನಾಟಕದ ಹುಚ್ಚಿನವರು ಕೆಲಸ ಬಿಟ್ಟು ಬಂದು ಹಿಂದೆ ನಿಂತಿದ್ದರು. ಚಿನ್ನಮ್ಮ ಹೇಳಿದಳು, ಮೂರ್ತಪ್ಪ ಹೇಳಿದ. ಇಬ್ಬರೂ ಒಂದೇ ಕಡೆ ನಿಂತು, ಒಂದೇ ಕಡೆ ಉಸಿರೆಳೆದರು. ಸಾಹೇಬರು ಹುಬ್ಬು ಗಂಟಿಕ್ಕಿದರೂ ಬರೆದುಕೊಂಡರು. ಮೆಹಬೂಬ್ ಬೀ ಎದ್ದು ನಿಂತಳು. ಎಷ್ಟು ಹದವಾಗಿ ಹೇಳಿದಳೆಂದರೆ ಜಗದಾಂಬಾಳಿಗೇ ಮೈ ಜುಮ್ಮೆಂದಿತು. ಸೆರಗು ಸರಿಯಾದ ಕ್ಷಣಕ್ಕೆ ಕಣ್ಣಿಗೆ ಹೋಯಿತು.

ಆಗ ಹಿಂದಿನಿಂದ ಯಾವನೋ ಮೈಮರೆತು ಕೂಗಿಬಿಟ್ಟ: "ಒನ್ಸ್ ಮೋರ್!"

ಜನ ನಕ್ಕರು. ಚಪ್ಪಾಳೆಯೂ ಬಿತ್ತು. ಮೆಹಬೂಬ್ ಬೀ ಗಾಬರಿಯಿಂದ ಸುತ್ತ ನೋಡಿ, ಮತ್ತೆ ಹೇಳಬೇಕೇನೋ ಎಂದುಕೊಂಡು ಮೊದಲಿನಿಂದ ಶುರುಮಾಡಿದಳು. ಅದೇ ಮಾತು, ಅದೇ ಬಿಕ್ಕು. "ಸಾಕು" ಎಂದು ಕೂಗಲು ಜಗದಾಂಬಾ ಅರ್ಧ ಎದ್ದವಳು ಹಾಗೇ ಕೂತಳು.

ಸಾಹೇಬರು ಮೇಜು ಬಡಿದು ನಿಲ್ಲಿಸಿದರು. ಅವರೇನೂ ಕೆಟ್ಟವರಲ್ಲ. ಸಮಾಧಾನದಿಂದಲೇ ಕೇಳಿದರು: "ಅದೆಲ್ಲ ಇರಲಮ್ಮ. ನಿಮ್ಮ ಗಂಡ ಬದುಕಿದ್ದಾಗ ಮಾಲೀಕರು ಈ ಮನೆ ವಿಷಯ ಅವರ ಹತ್ತಿರ ಯಾವತ್ತಾದರೂ ಮಾತಾಡಿದ್ರಾ? ಯೋಚನೆ ಮಾಡಿ ಹೇಳಿ."

ಇದಕ್ಕೆ ಪಾರ್ಟು ಇರಲಿಲ್ಲ. ಮೆಹಬೂಬ್ ಬೀಯ ಕಣ್ಣು ಇಡೀ ಕೋಣೆಯಲ್ಲಿ ಜಗದಾಂಬಾಳನ್ನು ಹುಡುಕಿತು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಅಕ್ಕಾ, ಆ ಕಲಾಯಿ ಮಾತು ಬೇಡ ಅಂದಿದ್ರಲ್ಲ. ಈಗ ಹೇಳ್ಲಾ?"

ಮಾಲೀಕರ ವಕೀಲರು ಎದ್ದು ನಗುತ್ತ, "ಸ್ವಾಮಿ, ನಾಟಕದ ಮಾಸ್ತರು ಅಲ್ಲೇ ಕೂತಿದ್ದಾರೆ. ಅಪ್ಪಣೆ ಕೊಡ್ತಾರೇನೋ ಕೇಳಿ" ಎಂದರು. ಸಾಹೇಬರು ಪೆನ್ನು ಕೆಳಗಿಟ್ಟರು. ಮೆಹಬೂಬ್ ಬೀ ಆಮೇಲೆ ಹೇಳಿದಳು. ಹಂಡೆ, ಮದುವೆ, 'ನೀನು ನನ್ನ ಬಾಡಿಗೆದಾರ' ಎಂದದ್ದು, ಹಿಡಿದ ಕೈ, ಎಲ್ಲವನ್ನೂ ತನ್ನ ಸಿಕ್ಕು ಸಿಕ್ಕಾದ ಮಾತಿನಲ್ಲೇ ಹೇಳಿದಳು. ಶಿವಶಂಕರಪ್ಪನವರು ತಲೆ ತಗ್ಗಿಸಿದ್ದನ್ನು ಜಗದಾಂಬಾ ಕಂಡಳು. ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. ಹೇಳಿಕೊಟ್ಟ ಸಾಕ್ಷಿಯನ್ನು ನಂಬಲಾಗುವುದಿಲ್ಲ ಎಂದು ಆದೇಶವಾಯಿತು.

ಮನೆ ಖಾಲಿಯಾದ ದಿನ ಜಗದಾಂಬಾ ಮತ್ತೆ ಬಂದಳು. ಬಾರದೆ ಇರುವುದಕ್ಕೆ ಮನಸ್ಸು ನೂರು ನೆಪ ಹುಡುಕಿತ್ತು. ಖಾಲಿ ಮನೆಗೆ ಹೊಸ ಬೀಗ ಬಿದ್ದಿತ್ತು. ಚಿನ್ನಮ್ಮನ ಜಗಲಿಯ ಮೇಲೆ ಒಂದು ಟ್ರಂಕು, ಸುತ್ತಿದ ಚಾಪೆ, ನಾಲ್ಕು ಪಾತ್ರೆ, ಅವುಗಳ ನಡುವೆ ಮೆಹಬೂಬ್ ಬೀ. ಬೈಗುಳ ಕೇಳಬೇಕೆಂದೇ ಜಗದಾಂಬಾ ಬಂದಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎಲ್ಲಿ ತಪ್ಪಿದೆ ಅಕ್ಕಾ ನಾನು?" ಎಂದಳು ಮೆಹಬೂಬ್ ಬೀ. "ಎರಡನೇ ಸಲ ಹೇಳ್ವಾಗ ಸೆರಗು ಎತ್ತೋದು ಮರ್ತೆ. ಅದಕ್ಕೇನಾ?"

ಜಗದಾಂಬಾ ಅವಳ ಪಕ್ಕದಲ್ಲಿ ಕುಸಿದು ಕೂತಳು. ದುಃಖ ಒತ್ತರಿಸಿ ಬಂತು. ಹುಟ್ಟಿದಾಗಿನಿಂದ ಇಷ್ಟು ನಿಜವಾದ ದುಃಖ ಅವಳಿಗೆ ಆಗಿರಲಿಲ್ಲ. "ಇಲ್ಲ ಬೂಬಮ್ಮ. ನಿಮ್ಮದೇನೂ ತಪ್ಪಿಲ್ಲ. ತಪ್ಪು ನಂದು. ನಿಮ್ಮ ಮಾತನ್ನ ನಿಮ್ಮ ಬಾಯಿಂದ ಕಿತ್ಕೊಂಡೆ. ನಿಮ್ಮ ಮನೆ ಕಳೆದವಳು ನಾನು" ಎಂದಳು. ಆದರೆ ಹಾಳು ಗಂಟಲು, ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ. ಮಾತು ಒಡೆಯಬೇಕಾದಲ್ಲೇ ಒಡೆಯಿತು, ತಗ್ಗಬೇಕಾದಲ್ಲೇ ತಗ್ಗಿತು. ಅದು ಅವಳ ಕಿವಿಗೇ ಕೇಳಿಸಿ ಹೇಸಿಗೆಯಾಯಿತು.

ಮೆಹಬೂಬ್ ಬೀ ಗಮನವಿಟ್ಟು ಕೇಳಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಸೆರಗು ಸರಿಪಡಿಸಿಕೊಂಡು, ತುಟಿಯಲ್ಲೇ ಒಮ್ಮೆ ಆ ಮಾತುಗಳನ್ನು ಹೇಳಿ ನೋಡಿಕೊಂಡಳು.

"ಮೇಲಿನ ಕೋರ್ಟಲ್ಲಿ ಹಿಂಗೆ ಹೇಳ್ಬೇಕಾ ಅಕ್ಕಾ?" ಎಂದು ಕೇಳಿದಳು.