ಕೊನೇ ಬಸ್ಸು ಹೋದ ಮೇಲೆ ಸಭೆ

ಟಕ್ಕೆಂದು ಚಿಲಕ ಬಿತ್ತು. ಕಾವಲುಗಾರ ಸಭಾಭವನದ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದ್ದ. ಹೊರಗೆ ಮೆಟ್ಟಿಲ ಮೇಲೆ ಆಸ್ಪತ್ರೆಯ ಲಾಂಡ್ರಿ ಹೆಂಗಸರು ನಿಂತಿದ್ದರು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ.

"ಹೋಯ್ತಲ್ಲ ಅತ್ತಿಗೆ ಬಸ್ಸು," ಅಂದಳು ತುಂಬು ಬಸುರಿ ನಾದಿನಿ.

ಅತ್ತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ರಾತ್ರಿ ಬಸ್ಸು ಉಳಿಸಿಕೊಡಿ ಎಂದು ಕೇಳಲು ಎಲ್ಲರನ್ನೂ ಕರೆತಂದವಳು ಅವಳೇ. ಈಗ ಆ ಬಸ್ಸೇ ತಪ್ಪಿತ್ತು. ಜಿಲ್ಲೆಯ ಬಸ್ಸುಗಳಿಗೆ ಬಂದ ಅನುದಾನವನ್ನು ಹೇಗೆ ಖರ್ಚು ಮಾಡಬೇಕೆಂದು ಜನರನ್ನು ಕೇಳುವ ಸಭೆ. ಇಟ್ಟದ್ದೇ ರಾತ್ರಿ. ಅವರ ಕ್ವಾರಿ ಕೇರಿಯ ಸರದಿ ಬಂದಾಗ ಯೋಜನಾಧಿಕಾರಿ ಆಕಳಿಸುತ್ತಿದ್ದ.

"ಆ ರೂಟಲ್ಲಿ ಲಾಭ ಇಲ್ಲಮ್ಮ. ಮುಂದಿನ ತಿಂಗಳಿಂದ ನಿಲ್ಲಿಸ್ತೀವಿ. ದುಡ್ಡು ಬೈಪಾಸಿನ ಎಸಿ ಬಸ್ಸಿಗೆ."

"ಬೈಪಾಸಿಗೂ ನಮಗೂ ಏನ್ ಸಾರ್ ಸಂಬಂಧ? ರಾತ್ರಿ ಪಾಳಿ ಮುಗಿಸಿ ಹೆಂಗೆ ಮನೆ ಸೇರೋದು?" ಎಂದು ಅತ್ತಿಗೆ ಕೇಳಿದ್ದಳು.

ಬಸ್ಸಿಲ್ಲದೆ ಪಾಳಿಯಿಲ್ಲ, ಪಾಳಿಯಿಲ್ಲದೆ ಕೆಲಸವಿಲ್ಲ. ಲಾಂಡ್ರಿಯ ಸೂಪರ್‌ವೈಸರ್ ಅಷ್ಟನ್ನು ಮುಖಕ್ಕೆ ಹೊಡೆದಂತೆ ಹೇಳಿದ್ದ.

"ನಡೀರಿ. ಮೈ ಕರಗುತ್ತೆ," ಅಂದಿದ್ದ ಅಧಿಕಾರಿ.

ಮುಂದಿನ ಸಾಲು ಗೊಳ್ಳೆಂದು ನಕ್ಕಿತ್ತು.

ಆ ಎಸಿ ಬಸ್ಸು ಮೆಟ್ಟಿಲ ಕೆಳಗೇ ನಿಂತಿತ್ತು. ಜನ ನೋಡಲಿ ಎಂದು ತಂದದ್ದು. ಒಳಗೆ ದೀಪ ಉರಿಯುತ್ತಿತ್ತು, ಸೀಟುಗಳ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಸಂಜೆ ನಾದಿನಿ ಕಾಲು ಸೋತು ಅದರಲ್ಲಿ ಕೂರಲು ಹೋದಾಗ ಅಧಿಕಾರಿಯ ಗುಮಾಸ್ತ ರಟ್ಟೆ ಹಿಡಿದು ಇಳಿಸಿದ್ದ. "ಏಯ್, ಇಳಿಯೇ. ಕೊಳೆ ಆಗುತ್ತೆ."

"ಊರೋರ ರಕ್ತ, ಕೀವು ತೊಳೆಯೋರು ನಾವು," ಇಸ್ತ್ರಿಯವಳು ಹಲ್ಲು ಕಡಿದಳು. "ನಮ್ಮಿಂದ ಕೊಳೆಯಂತೆ ಬೋಳಿಮಗಂಗೆ."

ದಡದಡ ಹತ್ತಿ ಮುಂದಿನ ಸೀಟಿನಲ್ಲೇ ಕೂತಳು. ಪ್ಲಾಸ್ಟಿಕ್ ಪರಪರ ಅಂದಿತು. "ಬನ್ರೇ. ಬೆಳಗಾಗೋವರೆಗೂ ಇಲ್ಲೇ."

ಒಬ್ಬೊಬ್ಬರಾಗಿ ಹತ್ತಿದರು. ನಾದಿನಿ ಎರಡು ಸೀಟು ಹಿಡಿದು ಕಾಲು ಚಾಚಿದಳು.

ಗೋಡೆಯ ಮರೆಯಿಂದ, ಎಲ್ಲರೂ ಮೀಸೆ ಎಂದೇ ಕರೆಯುವವನು ಬಂದ. ಅವರ ರಾತ್ರಿ ಬಸ್ಸಿನ ಡ್ರೈವರ್; ಇವತ್ತು ರಜೆ. ಉಳಿದ ಡ್ರೈವರುಗಳ ಜೊತೆ ಸಭೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವನು.

"ಏನ್ರಮ್ಮ, ದಿಬ್ಬಣ ಹೊರಟಿದೀರಾ?"

"ಹೂಂ. ಗಂಡು ಸಿಕ್ಕಿಲ್ಲ, ನೀನೇ ಬಾರೋ," ಅಂದಳು ಹಿಂದಿನಿಂದ ಮುದುಕಿಯೊಬ್ಬಳು.

ಅವನು ನಗಲಿಲ್ಲ. ದೀಪಕ್ಕೆಂದು ಬಿಟ್ಟಿದ್ದ ಕೀಲಿ ಸ್ಟಿಯರಿಂಗ್ ಪಕ್ಕದಲ್ಲೇ ನೇತಾಡುತ್ತಿತ್ತು. ಅದನ್ನೇ ನೋಡುತ್ತ ನಿಂತ.

"ಮನೇಲಿ ಹೆಣ್ಮಕ್ಕಳಿವೆ ನಂಗೆ. ನೀವು ನನ್ನ ನೋಡಿಲ್ಲ."

"ಯಾರಪ್ಪ ನೀನು?" ಅಂದಳು ಇಸ್ತ್ರಿಯವಳು.

ಬೆಳಿಗ್ಗೆ ಎಸಿ ಬಸ್ಸು ಕ್ವಾರಿ ಕೇರಿಯ ನಲ್ಲಿಯ ಪಕ್ಕ ನಿಂತಿತ್ತು, ಕಿಟಕಿಯವರೆಗೂ ಕಲ್ಲುಧೂಳು.

ಮಧ್ಯಾಹ್ನ ಯೋಜನಾಧಿಕಾರಿ ಲಾಂಡ್ರಿಗೇ ಬಂದ. ಹೆಂಗಸರನ್ನು ಒದ್ದೆ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ. ಓಡಿಸಿದ್ದು ಯಾರು? ನಿದ್ದೆ ಬಂದಿತ್ತು ಸಾರ್. ಕತ್ತಲೆ ಸಾರ್. ಕೊನೆಗೆ ಇಸ್ತ್ರಿಯವಳೊಬ್ಬಳನ್ನೇ ಬಾಯ್ಲರಿನ ಹಿಂದಕ್ಕೆ ಕರೆದ. ದನಿ ಬೆಣ್ಣೆಯಾಗಿತ್ತು.

"ಒಂದು ಹೆಸರು ಹೇಳು, ಸಾಕು. ನಿಮ್ಮ ರಾತ್ರಿ ಬಸ್ಸು ಉಳಿಸ್ತೀನಿ. ಬರೆದುಕೊಡ್ತೀನಿ ಬೇಕಾದ್ರೆ."

"ಲಾಭ ಇಲ್ಲ ಅಂದ್ರಲ್ಲ ಸಾರ್."

"ಅದನ್ನ ನಾನು ನೋಡ್ಕೋತೀನಿ. ನಿನ್ನ ನಾದಿನಿ ಆ ಹೊಟ್ಟೆ ಹೊತ್ಕೊಂಡು ಲಾರಿಗಳ ಮಧ್ಯ ನಡೀಬೇಕಾ?"

ಅವನು ಕಾದ. ಕೈಗಡಿಯಾರ ತಿರುಗಿಸಿಕೊಂಡ.

"ಓಡಿಸಿದ್ದು ನಾನೇ ಸಾರ್."

"ನಿನಗೆ ಬಸ್ಸು ಓಡಿಸಕ್ಕೆ ಬರುತ್ತೇನೇ?"

"ಒಂದು ಬಸ್ಸು ಕೊಡಿ, ತೋರಿಸ್ತೀನಿ."

"ಸಾಯಿ," ಅಂದ ಅವನು. "ನಡ್ಕೊಂಡೇ ಸಾಯ್ರೇ ಎಲ್ಲರೂ."

ಅವಳು ಮೇಜಿಗೆ ಮರಳಿ ಹಾಸಿಗೆಯ ಹೊದಿಕೆಯೊಂದನ್ನು ಹರಡಿಕೊಂಡಳು. ನಾದಿನಿ ಸೊಂಟ ಹಿಡಿದುಕೊಂಡು ಹತ್ತಿರ ಬಂದಳು.

"ಏನಂದ ಅತ್ತಿಗೆ?"

ಒಂದು ಹೆಸರಿಗೆ ಬಸ್ಸು ಸಿಗುತ್ತಿತ್ತು. ಅದು ಎಲ್ಲರಿಗೂ ಗೊತ್ತಾದರೆ ಕ್ವಾರಿ ರಸ್ತೆಯಲ್ಲಿ ಕಾಲು ಬೊಬ್ಬೆ ಎದ್ದ ಯಾವುದೋ ರಾತ್ರಿ ಯಾರದಾದರೂ ಬಾಯಿ ಜಾರಬಹುದು. ಮೊದಲು ಜಾರುವುದು ತನ್ನದೇ ಇರಬಹುದು. ನಾದಿನಿಯ ಊದಿದ ಪಾದಗಳ ಕಡೆ ನೋಡದೆ, ಇದನ್ನು ಯಾರಿಗೂ ಹೇಳಬಾರದು, ಮೀಸೆಗೂ ಹೇಳಬಾರದು ಎಂದು ಅವಳು ಗಟ್ಟಿಮಾಡಿಕೊಂಡಳು.

"ಏನಿಲ್ಲ ಕಣೇ, ಬೈದ," ಅಂದು ಇಸ್ತ್ರಿಪೆಟ್ಟಿಗೆಯನ್ನು ಬಲವಾಗಿ ಒತ್ತಿದಳು.