ಓರಿನ್ ಹಿಡಿದ ನೆತ್ತರ ಜಾಡು

ನಮ್ಮ ಬೇಲಿಯಾಚೆಯ ಗುಡ್ಡ ಓರಿನ್ ಟೋಲೆಫ್ಸನ್‌ನದು. ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಬಣ್ಣ, ಹುಟ್ಟಿದಾಗಿನಿಂದ ಹಾಗೆ. ಬಿಲ್ಲು ಹಿಡಿದು ಬೇಟೆಗೆ ಹೋಗುವವನಿಗೆ ಇದು ಸಣ್ಣ ಕೊರತೆಯಲ್ಲ. ಬಾಣ ತಗುಲಿದ ಜಿಂಕೆ ನಿಂತಲ್ಲೇ ಬೀಳುವುದಿಲ್ಲ, ಓಡುತ್ತದೆ. ಎಲೆಗಳ ಮೇಲೆ ಬಿದ್ದ ನೆತ್ತರ ಹನಿ ಹುಡುಕುತ್ತ ಅದರ ಹಿಂದೆ ಹೋಗಬೇಕು. ಓರಿನ್ ಕಣ್ಣಿಗೆ ಹನಿ ಯಾವುದು, ಎಲೆ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಮದುವೆಯಾದ ವರ್ಷದಿಂದಲೂ ಅವನು ಹೊಡೆದ ಜಿಂಕೆಗಳನ್ನೆಲ್ಲ ಹುಡುಕಿಕೊಟ್ಟವಳು ಅವನ ಹೆಂಡತಿ ಮಾರ್ಲಿಸ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಗಟ್ಟಿ ಹೆಂಗಸು. ವಿಸ್ಕಾನ್ಸಿನ್ನಿನ ನಮ್ಮ ಕಣಿವೆಯಲ್ಲಿ ಯಾರ ಜಿಂಕೆ ಕಣ್ಮರೆಯಾದರೂ ಮೊದಲ ಫೋನು ಹೋಗುತ್ತಿದ್ದದ್ದು ಅವಳಿಗೇ.

ಒಂದು ಬೇಸಿಗೆಯಲ್ಲಿ ಓರಿನ್‌ನ ಭುಜಕ್ಕೆ ಆಪರೇಷನ್ ಆಯಿತು. ಈ ವರ್ಷ ಬಿಲ್ಲು ಎಳೆಯುವ ಮಾತೇ ಇಲ್ಲ ಎಂದರು ಡಾಕ್ಟರು. ಮಾರ್ಲಿಸ್ ತನಗೊಂದು ಹಗುರವಾದ ಬಿಲ್ಲು ತಂದುಕೊಂಡಳು. ಕೊಟ್ಟಿಗೆಯ ಹಿಂದೆ ಹುಲ್ಲಿನ ಕಟ್ಟು ನಿಲ್ಲಿಸಿ ದಿನಾ ಗುರಿ ಹಿಡಿಯುವಳು. ಓರಿನ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವನು. "ಮೊಣಕೈ ಇಳಿಸೇ. ಅದು ಬಸ್ಸಿನ ಸ್ಟೇರಿಂಗ್ ಅಲ್ಲ," ಎಂದು ಅವನು ಕೂಗುವುದು ನಮ್ಮ ಅಂಗಳದವರೆಗೂ ಕೇಳುತ್ತಿತ್ತು.

ಅಕ್ಟೋಬರ್ ಕೊನೆಯ ಒಂದು ಶನಿವಾರ ಹಾಲು ಕರೆದು ಮುಗಿಸಿ ಕೈ ತೊಳೆಯುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದರು. ಮಾರ್ಲಿಸ್ ಕೈಯಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಬಾಣವಿತ್ತು. ಮುಖ ಸುಣ್ಣದ ಹಾಗೆ.

"ವೆಂಡೆಲ್, ಒಂದು ಹೆಣ್ಣು ಜಿಂಕೆ ಹೊಡೆದೆ. ನಿನ್ನ ಜಮೀನಿಗೆ ದಾಟಿದೆ. ಒಳಗೆ ಹೋಗ್ಬೋದಾ?"

"ಅದನ್ನೂ ಕೇಳ್ಬೇಕಾ? ನಾನೂ ಬರ್ತೀನಿ ನಡಿ."

"ಯಾರೂ ಎಲ್ಲಿಗೂ ಹೋಗೋದಿಲ್ಲ," ಎಂದ ಓರಿನ್. ಬಾಣ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದ. ಕಪ್ಪುಗೆಂಪು ನೆತ್ತರು, ಅದರ ಜೊತೆಗೆ ಹೊಟ್ಟೆಯೊಳಗಿನ ಹುಳಿ ನಾತ. "ಸ್ವಲ್ಪ ಹಿಂದಕ್ಕೆ ಬಿದ್ದಿದೆ. ಲಿವರ್‌ಗೂ ತಾಗಿದೆ, ಹೊಟ್ಟೆಗೂ ತಾಗಿದೆ."

ಅಂಥ ಜಿಂಕೆ ಉಳಿಯುವುದಿಲ್ಲ, ಆದರೆ ಬೇಗ ಸಾಯುವುದೂ ಇಲ್ಲ. ಸುಮ್ಮನೆ ಬಿಟ್ಟರೆ ಹತ್ತಿರದಲ್ಲೇ ಎಲ್ಲಾದರೂ ಮಲಗುತ್ತದೆ. ಬೆನ್ನು ಹತ್ತಿದರೆ ಎದ್ದು ಗುಡ್ಡ ದಾಟಿ ಹೋಗುತ್ತದೆ, ಮತ್ತೆ ಅದು ತೋಳಗಳ ಪಾಲು.

"ಅದು ನರಳ್ತಾ ಬಿದ್ದಿರುತ್ತೆ ಓರಿನ್. ನಾನಿಲ್ಲಿ ಕಾಫಿ ಕುಡೀತಾ ಕೂರ್ಲಾ?"

"ಮಧ್ಯಾಹ್ನದವರೆಗೆ ಕೂರು. ಇಷ್ಟು ವರ್ಷ ನೀನೇ ನಂಗೆ ಹೇಳ್ತಿದ್ದ ಮಾತು ಇದು. ನಾನು ಒದ್ದಾಡ್ತಿದ್ರೆ ಕಾಲರ್ ಹಿಡಿದು ಕೂರಿಸ್ತಿರ್ಲಿಲ್ವಾ?"

ಅವಳು ಕೂತಳು. ನಾನು ಮೊಟ್ಟೆ ಹುರಿದು ಬಡಿಸಿದೆ. ಮುಟ್ಟಲಿಲ್ಲ. ಓರಿನ್ ತನ್ನದನ್ನೂ ತಿಂದು ಅವಳದನ್ನೂ ಮುಗಿಸಿದ. ಆಮೇಲೆ ಮನೆಗೆ ಹೋಗಿ ಏನೋ ಜೇಬಿಗೆ ಹಾಕಿಕೊಂಡು ಬಂದ.

ಬಿಸಿಲು ನೆತ್ತಿಗೆ ಬಂದ ಮೇಲೆ ಹೊರಟೆವು. ಬೇಲಿಯ ತಂತಿಯ ಮೇಲೆ ಒಂದು ಹನಿ ಒಣಗಿತ್ತು. ಅಲ್ಲಿಂದ ಬಿಲ್ಲು ಹೆಗಲಿಗೇರಿಸಿ ಮಾರ್ಲಿಸ್ ಮುಂದೆ, ನಾವು ಹಿಂದೆ. ಸ್ವಲ್ಪ ದೂರ ಸಲೀಸಾಗಿ ಹೋದಳು. ಮೇಪಲ್ ಮರಗಳ ಕೆಳಗೆ ಬಂದಾಗ ನಿಂತುಬಿಟ್ಟಳು. ನೆಲದ ತುಂಬ ಉದುರಿದ ಕೆಂಪೆಲೆ. ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು.

"ಏನಾಯ್ತೇ?" ಎಂದ ಓರಿನ್.

"ಎಲ್ಲಾ ರಕ್ತದ ಹಾಗೇ ಕಾಣ್ತಿದೆ." ಅವಳ ದನಿ ನಡುಗುತ್ತಿತ್ತು. "ಬೇರೆಯವರ ಜಿಂಕೆ ಆದಾಗ ಹೀಗೆ ಆಗ್ತಿರ್ಲಿಲ್ಲ. ನಾನೇ ಹೊಡೆದು, ನಾನೇ ಕಳ್ಕೊಂಡ್ರೆ ಇನ್ಯಾವತ್ತೂ ಬಿಲ್ಲು ಮುಟ್ಟಲ್ಲ."

"ಸರಿ ಬಿಡು, ಹಿಂದಕ್ಕೆ ಬಾ. ನಂಗೆ ಹೇಗೂ ಕೆಂಪು ಕಾಣಲ್ಲ. ಕಾಣದವನಿಗೆ ಮೋಸ ಹೋಗೋ ಭಯ ಇಲ್ಲ."

ಭುಜದ ನೋವು ಲೆಕ್ಕಿಸದೆ ಮಂಡಿಯೂರಿದ. ಬಣ್ಣ ಬಿಟ್ಟು ಉಳಿದದ್ದನ್ನೆಲ್ಲ ನೋಡತೊಡಗಿದ: ಗೊರಸು ಒತ್ತಿ ಮಗುಚಿದ ಎಲೆ, ಅದರ ಒದ್ದೆಯಾದ ಅಡಿಭಾಗ, ಒಂದೇ ಕಡೆಗೆ ವಾಲಿದ ಹುಲ್ಲು. ಅನುಮಾನ ಬಂದ ಕಡೆ ಜೇಬಿನಿಂದ ಚಿಮುಕಿಸುವ ಬಾಟಲಿ ತೆಗೆದ. ಗಾಯ ತೊಳೆಯುವ ಔಷಧಿ, ಮಕ್ಕಳ ಮಂಡಿ ತರಚಿದರೆ ಹಾಕುತ್ತೇವಲ್ಲ, ಅದೇ. ನೆತ್ತರಿಗೆ ತಾಗಿದರೆ ಬುಸ್ಸೆಂದು ಬಿಳಿ ನೊರೆ ಬರುತ್ತದೆ. ಒಂದು ಎಲೆಗೆ ಚಿಮುಕಿಸಿದ, ಏನೂ ಇಲ್ಲ. ಇನ್ನೊಂದಕ್ಕೆ, ಇಲ್ಲ. ಮೂರನೆಯದರ ಮೇಲೆ ಸಾಸಿವೆಯಷ್ಟು ನೊರೆ ಎದ್ದಿತು.

"ಬಿಳಿ ಬಣ್ಣ ನಂಗೂ ಚೆನ್ನಾಗಿ ಕಾಣುತ್ತೆ," ಎಂದ ಓರಿನ್.

"ಇದನ್ನ ಯಾವಾಗ ಕಲಿತೆಯೋ?"

"ಭುಜಕ್ಕೆ ಪಟ್ಟಿ ಕಟ್ಟಿ ಮಲಗಿಸಿದ್ರಲ್ಲ, ಆಗ. ನೀನು ಹೊಡೆಯೋಕೆ ಕಲೀತಿದ್ದೆ. ನಾನು ಹುಡುಕೋಕಾದ್ರೂ ಕಲೀಬೇಡ್ವಾ?"

ಮಾರ್ಲಿಸ್ ಜೇಬಿನಿಂದ ಕಾಗದ ತೆಗೆದು ಹರಿದಳು. ನೊರೆ ಬಂದ ಜಾಗದ ಮೇಲಿನ ಕೊಂಬೆಗೆ ಒಂದು ಕಾಗದದ ತುಂಡು ಸಿಕ್ಕಿಸಿದಳು. ಅಲ್ಲಿಂದ ಅವನು ತೋರಿಸುವುದು, ಅವಳು ಗುರುತು ಹಾಕುವುದು. ನನ್ನ ಕೆಲಸ ಅವರ ಕಾಲಿಗೆ ಅಡ್ಡ ಬರದಿರುವುದು.

ತೊರೆಯ ದಂಡೆಯಲ್ಲಿ ಜಾಡು ನಿಂತುಹೋಯಿತು. "ದಾಟಿ ಹೋಗಿದೆ," ಎಂದೆ ನಾನು. ಓರಿನ್ ಆಚೆ ದಡದ ಕಲ್ಲುಗಳಿಗೆಲ್ಲ ಔಷಧಿ ಚಿಮುಕಿಸಿ ಬರಿಗೈಯಲ್ಲಿ ವಾಪಸು ಬಂದ. ಬಾಟಲಿಯೂ ಬರಿದಾಗುತ್ತ ಬಂದಿತ್ತು. ಅವನು ಮೊದಲ ಸಲ ಸೋತವನ ಹಾಗೆ ಕಂಡ.

ಆಗ ಮಾರ್ಲಿಸ್, "ಹೊಟ್ಟೆಗೆ ಪೆಟ್ಟಾದದ್ದು ನೀರು ಬಿಟ್ಟು ಹೋಗಲ್ಲ," ಎಂದಳು. ದನಿ ಗಟ್ಟಿಯಾಗಿತ್ತು. "ಏರು ಹತ್ತೋಕೂ ಅದಕ್ಕೆ ಶಕ್ತಿ ಇಲ್ಲ. ತೊರೆ ಜೊತೇಲೇ ಕೆಳಗೆ ಇಳಿದಿದೆ. ಬನ್ನಿ."

ಕೆಳಗಿನ ಜೌಗಿನಲ್ಲಿ ಆಳೆತ್ತರದ ಹುಲ್ಲು. ಒಂದು ಕಡ್ಡಿಯ ಮೇಲೆ, ಜಿಂಕೆಯ ಹೊಟ್ಟೆ ತಾಗುವ ಎತ್ತರದಲ್ಲಿ, ಕಪ್ಪಗೆ ಏನೋ ಸವರಿತ್ತು. ಓರಿನ್ ಬಾಟಲಿಯ ಕೊನೆಯ ಹನಿ ಬಿಟ್ಟ. ನೊರೆ ಬಂತು. ಅಲ್ಲಿಂದ ಕೂಗಳತೆಯೂ ಇಲ್ಲ, ಹುಲ್ಲು ಚಪ್ಪಟೆಯಾದ ಕಡೆ ಜಿಂಕೆ ಕಾಲು ಮಡಿಸಿ ಮಲಗಿತ್ತು. ಮಾರ್ಲಿಸ್ ಬಾಣ ಹೂಡಿ ಹಿಂದಿನಿಂದ ಹೋಗಿ, ಉದ್ದನೆಯ ಕಡ್ಡಿಯಿಂದ ಅದರ ಕಣ್ಣು ಮುಟ್ಟಿ ನೋಡಿದಳು. ರೆಪ್ಪೆ ಅಲ್ಲಾಡಲಿಲ್ಲ. ಸತ್ತು ಆಗಲೇ ಬಹಳ ಹೊತ್ತಾಗಿತ್ತು. ಮಲಗಿದ ಜಾಗದಿಂದ ಅದು ಎದ್ದ ಗುರುತೇ ಇರಲಿಲ್ಲ. ಯಾರೂ ಅದನ್ನು ಬೆದರಿಸಿರಲಿಲ್ಲ.

ಅವಳು ಪಕ್ಕದಲ್ಲಿ ಕೂತು ಅದರ ಕತ್ತಿನ ಮೇಲೆ ಕೈಯಿಟ್ಟಳು. ತುಟಿ ಅಲುಗಿತು, ಏನೆಂದಳೋ ನಮಗೆ ಕೇಳಲಿಲ್ಲ. ಓರಿನ್ ಟೋಪಿ ತೆಗೆದು ನಿಂತಿದ್ದ. ಆಮೇಲೆ ಅವಳು ಅಂಗಿಯ ತೋಳಿಗೇ ಕಣ್ಣು ಒರೆಸಿಕೊಂಡು, ಚಾಕು ತೆಗೆದು, "ಕಾಲು ಹಿಡ್ಕೋ," ಎಂದಳು.

ಕರುಳು ತೆಗೆದು ಜಿಂಕೆಯ ಒಡಲನ್ನು ತೊರೆಯ ನೀರಿನಲ್ಲಿ ತೊಳೆದೆವು. ನಾನು ಹೋಗಿ ಟ್ರ್ಯಾಕ್ಟರ್ ತಂದೆ. ಸಂಜೆ ಅವರ ಅಡಿಗೆಮನೆಯಲ್ಲಿ ಮಾರ್ಲಿಸ್ ಬೆನ್ನಿನ ಎಳೆ ಮಾಂಸವನ್ನು ಬೆಣ್ಣೆ, ಈರುಳ್ಳಿಯಲ್ಲಿ ಹುರಿದಳು. ಬೆಳಗಿನಿಂದ ಉಪವಾಸವಿದ್ದವಳು ಎರಡು ಸಲ ಬಡಿಸಿಕೊಂಡಳು.

"ನನ್ನ ಜೀವಮಾನದಲ್ಲಿ ನಾನು ಹುಡುಕಿದ ಮೊದಲನೇ ಜಿಂಕೆ," ಎಂದ ಓರಿನ್, ಬಾಯಿ ತುಂಬಿಕೊಂಡೇ.

"ತೊರೆ ಹತ್ತಿರ ದಿಕ್ಕು ಹೇಳಿದ್ದು ಯಾರು?"

"ದಿಕ್ಕು ಹೇಳಿದ್ದು ನೀನು. ಹುಡುಕಿದ್ದು ನಾನು. ವೆಂಡೆಲ್ ಸಾಕ್ಷಿ."

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನ ಚರ್ಚಿನ ಮುಂದೆ ಅವನು ಆ ನೊರೆಯ ಕತೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಮಾರ್ಲಿಸ್ ಅವನ ನೋವಿಲ್ಲದ ತೋಳು ಹಿಡಿದು ಪಕ್ಕದಲ್ಲೇ ನಿಂತು, ಒಮ್ಮೆಯೂ ತಿದ್ದದೆ, ಪೂರ್ತಿ ಕೇಳಿಸಿಕೊಂಡಳು.